ತೆರೆಗಳೂ ಕರಾವಳಿಯ ನೀರೂ

ಸಮುದ್ರವು ತನ್ನನ್ನು ತಾನೇ ತೊಳೆದುಕೊಳ್ಳುವದೆಂಬ ಮಾತನ್ನು ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾವೆಲ್ಲರೂ ಕೇಳಿದವರೇ. ಈ ಮಾತು ಪೂರಾ ಸುಳ್ಳಲ್ಲ. ತೆರೆಯು ಒಡೆಯುವಾಗ ಗಾಳಿಯು ಗುಳ್ಳೆಗಳಾಗಿ ನೀರಿನೊಳಗೆ ಸೇರಿ, ಜಲಚರಗಳಿಗೆ ಬೇಕಾದ ಆಮ್ಲಜನಕವು ಅದರಲ್ಲಿ ಕರಗುವದು. ತೋಡಿನಿಂದ ಬಂದ ಕೊಳೆಯು ಬೇಗನೆ ನೀರಿನೊಡನೆ ಬೆರೆತು ತೆಳುವಾಗುವದು. ಉಪ್ಪೂ ಬಿಸಿಲೂ ಅನೇಕ ರೋಗಾಣುಗಳನ್ನು ಕ್ರಮೇಣ ಕೊಲ್ಲುವವು.

ಆದರೆ ಬೆರೆಯುವದು ಬೇರೆ, ತೊಲಗುವದು ಬೇರೆ. ತೋಡಿನ ಬಾಯಿಯ ಬಳಿ ಮಕ್ಕಳನ್ನು ನೀರಿಗಿಳಿಸಬಾರದೆಂದು ನಾನು ಹೇಳುವಾಗ, "ಅಮ್ಮನವರೇ, ಇಷ್ಟು ದೊಡ್ಡ ಕಡಲಿಗೆ ಒಂದು ತೋಡಿನ ನೀರು ಯಾವ ಲೆಕ್ಕ?" ಎಂದು ಕೇಳುವ ತಾಯಂದಿರುಂಟು. ಅವರಿಗೆ ನಾನು ಕೊಡುವ ಉತ್ತರವಿದು. ತೆರೆಗಳು ದಡಕ್ಕೆ ಓರೆಯಾಗಿ ಬಂದು ಒಡೆಯುವಾಗ, ಅಲ್ಲಿಯ ನೀರು ದಡದ ಉದ್ದಕ್ಕೂ ಹರಿಯುವದು. ಆಚೆಯ ಆಳವಾದ ನೀರಿನೊಡನೆ ಅದರ ಬೆರಕೆಯು ನಿಧಾನ. ಆದಕಾರಣ ಕೊಳೆಯ ಬಹುಭಾಗವು ನಡುಗಡಲಿಗೆ ಹೋಗದೆ, ಮಕ್ಕಳು ಆಡುವ ಆ ಕಿರಿದಾದ ಪಟ್ಟಿಯಲ್ಲಿಯೇ ದೂರದವರೆಗೆ ಸಾಗುವದು. ಹಿಡಿಸೂಡಿಯಿಂದ ರಭಸವಾಗಿ ಗುಡಿಸಿಯೂ ಕಸವನ್ನು ಹೊಸ್ತಿಲು ದಾಟಿಸದ ಹುಡುಗಿಯಂತೆ ತೆರೆಯ ಕೆಲಸವು. ಅಲ್ಲದೆ, ತೆರೆಯು ಕದಡಿದ ಮರಳು ಬಿಸಿಲನ್ನು ತಡೆಯುವದು. ಮರಳಿನಲ್ಲಿ ಅಡಗಿದ್ದ ರೋಗಾಣುಗಳೂ ಪುನಃ ನೀರಿಗೆ ಏಳುವವು.

ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಇಂಪೀರಿಯಲ್ ಬೀಚ್ ಎಂಬ ಊರುಂಟು. ತಿಜುವಾನಾ ನದಿಯು ಮೆಕ್ಸಿಕೋ ದೇಶದ ಚರಂಡಿಯ ನೀರನ್ನು ಅದರ ಸಮೀಪದಲ್ಲಿ ಕಡಲಿಗೆ ತರುತ್ತದೆ. ಅಲ್ಲಿ ಒಡೆಯುವ ತೆರೆಗಳ ನೊರೆಯಿಂದ ಚರಂಡಿಯ ಸೂಕ್ಷ್ಮಾಣುಗಳು ಗಾಳಿಗೂ ಏರುತ್ತವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ನೀರಿಗಿಳಿಯದೆ ದಡದಲ್ಲಿ ನಿಂತವರೂ ಅವುಗಳನ್ನು ಉಸಿರಾಡುವರು.

ನಮ್ಮ ಮಂಗಳೂರಿನಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಸಮುದ್ರವನ್ನು ಸೇರುತ್ತವೆ. ಮಳೆಯ ಮೊದಲ ನೀರು ಬೀದಿಗಳ ಮತ್ತು ತೋಡುಗಳ ಹೊಲಸನ್ನೆಲ್ಲಾ ಹೊತ್ತು ತರುವದು. ಮಳೆಗಾಲದ ಕಡಲಿಗೆ ಮಕ್ಕಳನ್ನು ಯಾರೂ ಇಳಿಸುವದಿಲ್ಲವಷ್ಟೆ. ಬೇರೆ ಕಾಲದಲ್ಲಿಯೂ ದೊಡ್ಡ ಮಳೆ ಬಂದರೆ 3 ದಿನ ನೀರಿಗಿಳಿಸಬಾರದು, ತೋಡಿನ ಬಾಯಿಯ ಬಳಿ ಎಂದಿಗೂ ಆಡಗೊಡಬಾರದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಗೃಹಿಣಿಯರು, ಕೆಲವರು ಉಪಾಧ್ಯಾಯಿನಿಯರು. ಮನೆಯ ಹಿಂದಿನ ತೋಡಿಗೆ ನಾವು ಚೆಲ್ಲುವದು ಯಾರೋ ಒಬ್ಬರ ಮಗುವು ಆಡುವ ನೀರನ್ನು ಸೇರುವದು. ಆ ಕೊಳೆಯನ್ನು ತಡೆಯತಕ್ಕ ಸ್ಥಳವು ತೋಡೇ ಹೊರತು ತೆರೆಯಲ್ಲವೆಂಬದನ್ನು ನಿಮ್ಮ ಮಕ್ಕಳಿಗೂ ನೆರೆಯವರಿಗೂ ಕಲಿಸಿರಿ.