ಐಸ್ ಪುಡಿ ಮನೆಯಲ್ಲೇ ಆಗಲಿ

ಬೇಸಿಗೆ ಬಂತೆಂದರೆ ನಮ್ಮಂಥ ಗೃಹಿಣಿಯರಿಗೆ ಎರಡು ಕೆಲಸ. ಒಂದು ಹಪ್ಪಳ-ಸಂಡಿಗೆ, ಇನ್ನೊಂದು ರಜೆಗೆ ಬರುವ ನೆಂಟರು. ಹಪ್ಪಳವನ್ನಾದರೂ ಬಿಸಿಲು ನೋಡಿಕೊಳ್ಳುತ್ತದೆ. ನೆಂಟರಿಗೆ ಮಾತ್ರ ಹೊತ್ತು ಹೊತ್ತಿಗೆ ತಣ್ಣಗೆ ಏನಾದರೂ ಕೊಡಲೇಬೇಕು. ಹಿಂದೆಲ್ಲ ಒಂದು ಲೋಟ ನೀರುಮಜ್ಜಿಗೆ, ಇಲ್ಲವೇ ಒಂದು ಚೂರು ಬೆಲ್ಲ ಮತ್ತು ನೀರು ಕೊಟ್ಟರೆ "ಹೊಟ್ಟೆ ತಣ್ಣಗಾಯ್ತು" ಎಂದು ಹರಸಿ ಹೋಗುತ್ತಿದ್ದರು. ಈಗಿನ ಮಕ್ಕಳು ಹಾಗಲ್ಲ ನೋಡಿ!

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಹೋದ ಬೇಸಿಗೆಯಲ್ಲಿ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಸಾಗರಕ್ಕೆ ಬಂದಳು. ಬಂದವಳೇ, "ಅಮ್ಮಾ, ದೊಡ್ಡ ಹೋಟೆಲಲ್ಲಿ ಕೊಡ್ತಾರಲ್ಲ, ಪುಡಿ ಐಸ್ ಹಾಕಿ ಅನಾನಸ್ಸಿನ ಕಾಕ್‌ಟೇಲು, ಅದನ್ನ ಮಾಡೋಣ" ಎಂದಳು. ಕಾಕ್‌ಟೇಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆಯವರ ಕೈ ನಿಂತೇಹೋಯಿತು. "ಹೆಂಡ ಗಿಂಡ ಏನೂ ಇಲ್ಲ ಅಜ್ಜಿ, ಬರೀ ಹಣ್ಣಿನ ರಸ, ಕಾಯಿಹಾಲು" ಎಂದು ಮೊಮ್ಮಗಳು ಸಮಾಧಾನ ಹೇಳಿದ ಮೇಲೆಯೇ ಬತ್ತಿ ಮುಂದುವರಿದದ್ದು.

ಅನಾನಸ್ಸಿಗೆ ನಮ್ಮಲ್ಲಿ ಕೊರತೆಯಿಲ್ಲ, ಬನವಾಸಿ ಕಡೆಯಿಂದ ರಾಶಿ ರಾಶಿ ಬರುತ್ತದೆ. ಉಳಿದದ್ದು ಪುಡಿ ಐಸು. "ಪೇಟೆಯಿಂದ ಒಂದು ಗಡ್ಡೆ ತಂದುಬಿಡಲಾ?" ಎಂದು ನಮ್ಮವರು ಚಪ್ಪಲಿ ಮೆಟ್ಟಿಯೇಬಿಟ್ಟಿದ್ದರು. ನಾನು ಬೇಡವೆಂದೆ. ಯಾಕೆ ಬೇಡವೆಂದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಐಸು ಕುಟ್ಟುವ ವಿಚಾರ ಆಮೇಲೆ ಬರಲಿ.

2015ರ ಮೇ ತಿಂಗಳಲ್ಲಿ ನಮ್ಮ ಮೈದುನನ ಮದುವೆ. ಸುಡುವ ಬಿಸಿಲು. ಛತ್ರಕ್ಕೆ ಬಂದವರಿಗೆಲ್ಲ ದ್ರಾಕ್ಷಿ ಶರಬತ್ತು. ಐಸಿನ ದೊಡ್ಡ ದೊಡ್ಡ ಗಡ್ಡೆಗಳು ಗೋಣಿತಾಟು, ಮರದ ಹೊಟ್ಟಿನಲ್ಲಿ ಸುತ್ತಿಕೊಂಡು ಟೆಂಪೋದಲ್ಲಿ ಬಂದವು. ಅಡಿಗೆಯವರ ಹುಡುಗ ಅವುಗಳನ್ನು ಹಿತ್ತಲ ಕಲ್ಲಿನ ಮೇಲೆ ಹಾಕಿ ಹಾರೆಯಿಂದ ಒಡೆದು ಕೊಳದಪ್ಪಲೆಗೆ ಸುರಿದ. ಎಲ್ಲರೂ ಕುಡಿದೆವು. ಐದು ತಿಂಗಳು ತುಂಬಿದ್ದ ನನ್ನ ನಾದಿನಿ, ಪಾಪ, ಬಾಯಾರಿಕೆಗೆ ಮೂರು ಲೋಟ ಕುಡಿದಳು.

ಐದಾರು ವಾರ ಕಳೆದಿರಬೇಕು, ಒಬ್ಬೊಬ್ಬರಿಗೇ ಊಟ ಸೇರದಾಯಿತು, ಕಣ್ಣು ಹಳದಿಯಾಯಿತು. ನೆಂಟರಲ್ಲಿ ಏಳು ಜನಕ್ಕೆ ಕಾಮಾಲೆ. ಆರು ಜನ ಪಥ್ಯದಲ್ಲೇ ಎದ್ದು ಓಡಾಡಿದರು. ನಾದಿನಿಯನ್ನು ಮಾತ್ರ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಯಿತು. ಅವಳಿಗೆ ಬಂದದ್ದು ಹೆಪಟೈಟಿಸ್ ಇ ಎಂಬ ಕಾಮಾಲೆ. ಇದು ಹೊಲಸು ನೀರಿನಿಂದ ಹರಡುವಂಥದು. ಸಾಮಾನ್ಯ ಜನರಿಗೆ ಅಷ್ಟೇನೂ ಭಯವಿಲ್ಲ. ಆದರೆ ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಬಂದರೆ 100ಕ್ಕೆ 20ರಿಂದ 25 ಮಂದಿ ಉಳಿಯುವುದಿಲ್ಲವಂತೆ. ಈ ಲೆಕ್ಕವನ್ನು ಡಾಕ್ಟರು ನಮ್ಮವರನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಹತ್ತೊಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ನೋಡಿದರೆ ಅಳು ಬರುತ್ತಿತ್ತು. ಕೊನೆಗೆ ತಾಯಿಯೂ ಉಳಿದಳು, ದಿನ ತುಂಬುವ ಮೊದಲೇ ಹುಟ್ಟಿದ ಮಗುವೂ ಉಳಿಯಿತು.

ಐಸಿನಿಂದಲೇ ಬಂತು ಎಂದು ನಾನು ಆಣೆ ಮಾಡಿ ಹೇಳಲಾರೆ. ಛತ್ರದ ನೀರೂ ಇತ್ತು, ಹೆಚ್ಚಿಟ್ಟ ಹಣ್ಣೂ ಇತ್ತು. "ಇಂಥದ್ದೇ ಎಂದು ಈಗ ಹೇಳೋಕಾಗಲ್ಲಮ್ಮ" ಎಂದರು ಡಾಕ್ಟರು. ಆದರೆ ಒಂದು ಮಾತು ಚೆನ್ನಾಗಿ ತಿಳಿಸಿ ಹೇಳಿದರು. ಐಸು ಎಂದರೆ ನೀರೇ. ಫ್ರಿಜ್ಜಿನ ಚಳಿಗೆ ರೋಗಾಣುಗಳೆಲ್ಲ ಸಾಯುತ್ತವೆ ಎಂದು ನಾವು ತಿಳಿದಿರುತ್ತೇವಲ್ಲ, ಅದು ಸುಳ್ಳು. ಎಷ್ಟೋ ರೋಗಾಣುಗಳು ಐಸಿನೊಳಗೆ ಸುಮ್ಮನೆ ಮಲಗಿರುತ್ತವೆ, ಕರಗಿದಾಗ ಎದ್ದು ಕೂರುತ್ತವೆ. ಮೀನು ಕೆಡದ ಹಾಗೆ ಇಡಲು ಮಾಡುವ ಐಸು ಕುಡಿಯುವ ನೀರಿನದೇ ಆಗಿರಬೇಕೆಂದಿಲ್ಲ. ಅಂಥ ತಿನ್ನಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ಸೂಚಿಸಿದ್ದೂ ಅದಕ್ಕೇ. ಹಾಗೆಂದು ಬಿಳೀ ಐಸೆಲ್ಲ ಶುದ್ಧವೆಂದು ನಂಬಲು ನನ್ನ ಮನಸ್ಸಂತೂ ಒಪ್ಪುವುದಿಲ್ಲ. ಅದು ಯಾವ ಗೋಣಿಯಲ್ಲಿ ಸುತ್ತಿಕೊಂಡು, ಯಾವ ಕಲ್ಲಿನ ಮೇಲೆ ಒಡೆಸಿಕೊಂಡು ಬಂತೋ ಯಾರು ಕಂಡರು?

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಐಸೂ ಹಡಗು ಹತ್ತಿ ಬರುತ್ತಿತ್ತು ಗೊತ್ತೇ? 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟ ಟಸ್ಕನಿ ಎಂಬ ಹಡಗು, ಅಲ್ಲಿನ ಕೆರೆಗಳಲ್ಲಿ ಚಳಿಗಾಲಕ್ಕೆ ಕೊಯ್ದ ಮಂಜುಗಡ್ಡೆಯನ್ನು ನಾಲ್ಕು ತಿಂಗಳು ಸಮುದ್ರದ ಮೇಲೆ ಹೊತ್ತು ಕಲ್ಕತ್ತೆಗೆ ತಂದಿತು. ಮದರಾಸಿನ ಸಮುದ್ರತೀರದ ಐಸ್ ಹೌಸ್ ಕೂಡ ಆ ವ್ಯಾಪಾರಕ್ಕಾಗಿಯೇ ಕಟ್ಟಿದ್ದು. ಮುಂದೆ 1897ರಲ್ಲಿ ವಿವೇಕಾನಂದರು ಉಳಿದುಕೊಂಡದ್ದು ಅದೇ ಕಟ್ಟಡದಲ್ಲಿ. ಈಗ ನಮ್ಮ ಅಡಿಗೆಮನೆಯ ಮೂಲೆಯಲ್ಲೇ ಐಸಿನ ಪೆಟ್ಟಿಗೆ ನಿಂತಿರುವಾಗ ಪೇಟೆಗೆ ಯಾಕೆ ಹೋಗಬೇಕು ಹೇಳಿ.

ಸರಿ, ಇನ್ನು ಕೆಲಸಕ್ಕೆ ಬರೋಣ. ಹಿಂದಿನ ದಿನವೇ ನೀರು ಕಾಯಿಸಿ. ಬಿಸಿಯಾದರೆ ಸಾಲದು, ಕುಣಿಕುಣಿದು ಕುದಿಯಬೇಕು, ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಡಿ. ಮುಚ್ಚಿಟ್ಟು ಆರಿಸಿ, ತೊಳೆದ ಟ್ರೇಗಳಿಗೆ ಹುಯ್ಯಿರಿ. ಅಂಚಿನವರೆಗೆ ತುಂಬಬೇಡಿ, ನೀರು ಗಡ್ಡೆಯಾದಾಗ 100ಕ್ಕೆ 9 ಪಾಲು ಹಿಗ್ಗುತ್ತದೆ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಒಡೆಯುವುದೂ ಇದೇ ಕಾರಣಕ್ಕೆ. ಟ್ರೇ ಸಾಲದಿದ್ದರೆ ಅಗಲವಾದ ಸ್ಟೀಲಿನ ಡಬ್ಬಿಯಲ್ಲಿ ಅರ್ಧ ಅಂಗುಲದಷ್ಟು ನೀರು ಹಾಕಿ ತೆಳುವಾದ ಹಲ್ಲೆ ಮಾಡಿಕೊಳ್ಳಿ. ದಪ್ಪ ಗಡ್ಡೆ ಒಡೆಯುವುದು ಕಷ್ಟ. ಮೇಲೊಂದು ಮುಚ್ಚಳ ಇರಲಿ. ಐಸಿಗೆ ವಾಸನೆ ಹೀರುವ ಗುಣವಿದೆ. ಪಕ್ಕದಲ್ಲಿ ಹೆಚ್ಚಿದ ಈರುಳ್ಳಿಯಿದ್ದರೆ ನಿಮ್ಮ ಶರಬತ್ತಿಗೆ ಈರುಳ್ಳಿಯ ಒಗ್ಗರಣೆಯಾದಂತೆಯೇ!

ಬೆಳಿಗ್ಗೆ ಬಿಲ್ಲೆಗಳನ್ನು ಟ್ರೇಯಿಂದ ಬಿಡಿಸಿ ಒಂದು ಡಬ್ಬಿಗೆ ಹಾಕಿ ಮತ್ತೆ ಫ್ರೀಜರಿಗೆ ಸೇರಿಸಿ. ಬಿಡಿಸುವಾಗ ಮೈಗಂಟಿದ ನೀರು ಒಣಗಿ ಗಟ್ಟಿಯಾಗುತ್ತದೆ. ಹೀಗೆ ಮೈ ಒಣಗಿದ ಐಸು ಏಟು ಬಿದ್ದೊಡನೆ ಚೂರು ಚೂರಾಗುತ್ತದೆ, ಒದ್ದೆ ಐಸು ಮುದ್ದೆಯಾಗುತ್ತದೆ.

ಪುಡಿ ಮಾಡಲು ಬಹಳ ಜನ ಮಿಕ್ಸಿಗೆ ಹಾಕುತ್ತಾರೆ. ನನಗದು ಅಷ್ಟು ಹಿಡಿಸಿಲ್ಲ. ಎಲ್ಲ ಮಿಕ್ಸಿಗಳೂ ಐಸು ತಡೆಯುವುದಿಲ್ಲ. ಮಿಕ್ಸಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಐಸು ಹಾಕಬಹುದೆಂದು ಬರೆದಿದ್ದರೆ ಮಾತ್ರ, ಒಂದೊಂದೇ ಹಿಡಿ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇಸಮ ಓಡಿಸಿದರೆ ಅರ್ಧ ನೀರು, ಅರ್ಧ ಗಂಜಿ. ಕರೆಂಟು ಹೋದರಂತೂ ಕೇಳುವುದೇ ಬೇಡ.

ನನ್ನದು ಬಟ್ಟೆ ಚೀಲದ ಉಪಾಯ. ಬಣ್ಣವಿಲ್ಲದ ದಪ್ಪ ಹತ್ತಿಬಟ್ಟೆಯಲ್ಲಿ ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದದ ಚೀಲ ಹೊಲಿಯಿರಿ. ಗಂಜಿ ಹೋಗುವಂತೆ ಎರಡು ಸಲ ಬಿಸಿನೀರಿನಲ್ಲಿ ಕುದಿಸಿ ಒಣಗಿಸಿ. ಅದರೊಳಗೆ ಐಸು ಹಾಕಿ, ಬಾಯಿ ಮಡಿಸಿ, ಮಣೆಯ ಮೇಲಿಟ್ಟು ಗಟ್ಟಿ ಲಟ್ಟಣಿಗೆಯಿಂದ ಹೊಡೆಯಿರಿ. ಕರಗಿದ ನೀರನ್ನೆಲ್ಲ ಬಟ್ಟೆ ಕುಡಿದುಬಿಡುತ್ತದೆ. ಒಳಗೆ ಉಳಿಯುವುದು ಕಲ್ಲುಸಕ್ಕರೆ ಪುಡಿಯಂಥ ಒಣ ಐಸು. ಪ್ಲಾಸ್ಟಿಕ್ ಚೀಲದಲ್ಲಿ ಕುಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ, ಚೀಲ ಹರಿದು ಚೂರೂ ಸೇರುತ್ತದೆ. ಇದೇನು ನಾನು ಕಂಡುಹಿಡಿದದ್ದೆಂದು ತಿಳಿಯಬೇಡಿ. ಪರದೇಶದ ಮದ್ಯದಂಗಡಿಗಳಲ್ಲಿ ಲೂಯಿಸ್ ಬ್ಯಾಗ್ ಎಂಬ ಕ್ಯಾನ್ವಾಸ್ ಚೀಲ, ಒಂದು ಮರದ ಕೊಡತಿ ಇಟ್ಟುಕೊಂಡು ಇದೇ ಕೆಲಸ ಮಾಡುತ್ತಾರಂತೆ. ನಮಗೆ ಲಟ್ಟಣಿಗೆಯೇ ಸಾಕು. ಒಂದು ಟ್ರೇಗೆ ಎರಡು ದೊಡ್ಡ ಲೋಟ ಪುಡಿ ಸಿಗುತ್ತದೆ. ನೆಂಟರು ಕೈಕಾಲು ತೊಳೆದು ಬರುವಷ್ಟರಲ್ಲಿ ಕುಟ್ಟಿ ಮುಗಿಯುತ್ತದೆ. ಮುಂಚೆಯೇ ಕುಟ್ಟಿಟ್ಟರೆ ಮತ್ತೆ ಗಡ್ಡೆ ಕಟ್ಟುತ್ತದೆ. ಮೊದಲೇ ಬೇಕೆಂದರೆ ಅಗಲ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡಿ.

ಬಿಲ್ಲೆ ಹಾಕಿದರೆ ಸಾಲದೇ, ಪುಡಿಯೇ ಯಾಕೆ ಎನ್ನುತ್ತೀರಾ? ಐಸು ಕರಗುವಾಗ ಎಷ್ಟು ಶಾಖ ಹೀರುತ್ತದೆಂದರೆ, ಅಷ್ಟೇ ತೂಕದ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು. ಪುಡಿಯಾದರೆ ಎಲ್ಲ ಕಡೆಯಿಂದಲೂ ರಸ ತಾಗಿ ಒಂದೇ ನಿಮಿಷದಲ್ಲಿ ಲೋಟ ಬೆವರುತ್ತದೆ. ಅಷ್ಟೇ ಬೇಗ ನೀರೂ ಬೆರೆಯುತ್ತದೆ, ತಣ್ಣಗಾದಂತೆ ನಾಲಿಗೆಗೆ ಸಿಹಿಯೂ ಕಡಿಮೆ ಗೊತ್ತಾಗುತ್ತದೆ. ಆದ್ದರಿಂದ ರಸ ಮಂದವಾಗಿರಲಿ, ಸಕ್ಕರೆ ಒಂದು ಚಮಚ ಮುಂದಿರಲಿ.

ಮಗಳು ಹೇಳಿದ ಪಾನೀಯ ಪೋರ್ಟೊರಿಕೊ ದ್ವೀಪದ್ದು, ಹೆಸರು ಪಿನ್ಯ ಕೊಲಾಡ. 1978ರಲ್ಲಿ ಅಲ್ಲಿನ ಸರ್ಕಾರ ಅದನ್ನೇ ತನ್ನ ನಾಡಪಾನೀಯವೆಂದು ಸಾರಿತಂತೆ! ಅವರು ಅದಕ್ಕೆ ರಮ್ ಬೆರೆಸುತ್ತಾರೆ. ನಮಗದು ಬೇಡ. ಎರಡು ಲೋಟ ಹಣ್ಣಾದ ಅನಾನಸ್ಸಿನ ಹೋಳು, ಒಂದು ಲೋಟ ಗಟ್ಟಿ ಕಾಯಿಹಾಲು, ನಾಲ್ಕು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು. ಎಲ್ಲ ರುಬ್ಬಿ ಸೋಸಿ. ಲೋಟಕ್ಕೆ ಮೊದಲು ಐಸ್ ಪುಡಿ, ಅದರ ಮೇಲೆ ರಸ. ನಾಲ್ಕು ಜನಕ್ಕಾಗುತ್ತದೆ. ಕಾಯಿಹಾಲು ಬಿಸಿಲಿಗೆ ಬೇಗ ಕೆಡುವುದರಿಂದ ಮಾಡಿದ ತಕ್ಷಣ ಕುಡಿದುಬಿಡಬೇಕು. ಅತ್ತೆಯವರು, "ಪಾಯಸಕ್ಕೆ ಬೆಲ್ಲ ಮರೆತ ಹಾಗಿದೆ" ಎಂದು ಲೋಟ ಕೆಳಗಿಟ್ಟರು. ಅವರಿಗೆ ಏನಿದ್ದರೂ ಮುರುಗಲು ಪಾನಕವೇ ಆಗಬೇಕು. ಒಣಗಿದ ಸಿಪ್ಪೆ ನೆನೆಸಿ ಕಿವುಚಿ, ಸಕ್ಕರೆ, ಉಪ್ಪು, ಜೀರಿಗೆ ಪುಡಿ ಹಾಕಿ ಕೊಟ್ಟೆ. ಹಲ್ಲು ಜುಮ್ಮೆನ್ನುತ್ತದೆಂದು ಮೊದಲು ಐಸು ಬೇಡವೆಂದವರು, ಆಮೇಲೆ "ಒಂದು ಚಮಚ ಹಾಕೇ, ನೋಡೋಣ" ಎಂದರು.

ಆಸ್ಪತ್ರೆಯಲ್ಲಿ ಹುಟ್ಟಿದ ನಾದಿನಿಯ ಮಗಳಿಗೂ ಬೇಸಿಗೆ ರಜೆ ಕಳೆಯುವುದು ನಮ್ಮ ಮನೆಯಲ್ಲೇ. ಐಸು ಕುಟ್ಟುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಕೆಲಸವಾದ ಮೇಲೆ ಚೀಲವನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಬಿಸಿಲಿಗೆ ಹಾಕುವುದೂ ಅವಳೇ. ಒದ್ದೆಯಾಗಿಯೇ ಮಡಿಸಿಟ್ಟರೆ ಬೂಷ್ಟು ಬರುತ್ತದೆ. ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಮನೆಯವರ ಕೈಗೆ ಸಿಗದ ಜಾಗದಲ್ಲಿಡಿ. ನಮ್ಮವರು ಮೊನ್ನೆ ಅದರಲ್ಲೇ ಸಂತೆಯಿಂದ ಒಣಮೆಣಸಿನಕಾಯಿ ತಂದರು. ಹೊಸದೊಂದು ಹೊಲಿಯಲು ಬಟ್ಟೆ ತೆಗೆದಿಟ್ಟಿದ್ದೇನೆ.