ಬಂಧುವನ್ನರಿಯದ ಕಾವಲುಗಾರರು

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾಕ್ಟರ್ ಕ್ರಿಶ್ಚಿಯಾನ್ ಬರ್ನಾರ್ಡ್ ಅವರು ಲೂಯಿಸ್ ವಾಷ್ಕಾನ್ಸ್ಕಿ ಎಂಬವರಿಗೆ ಮೃತ ತರುಣಿಯೊಬ್ಬಳ ಹೃದಯವನ್ನು ಜೋಡಿಸಿದರು. 18 ದಿನಗಳ ಬಳಿಕ ಅವರು ತೀರಿಕೊಂಡರೆಂದು ಕೇಳಿದಾಗ, ಹೊಸ ಹೃದಯವೇ ಸೋತಿತೆಂದು ಬಾಲಕನಾದ ನಾನು ಭಾವಿಸಿದ್ದೆ. ಅದು ತಪ್ಪು. ಹೃದಯ ಚೆನ್ನಾಗಿಯೇ ಮಿಡಿಯುತ್ತಿತ್ತು, ಕೊಂದದ್ದು ನ್ಯುಮೋನಿಯಾ.

ನಮ್ಮ ರಕ್ತದಲ್ಲಿ ಟಿ ಲಿಂಫೋಸೈಟ್ ಎಂಬ ಬಿಳಿಯ ಕಣಗಳಿವೆ. ದೇಹಕ್ಕೆ ಸೇರದುದನ್ನು ಗುರುತಿಸಿ ಮೇಲೆ ಬೀಳುವುದು ಅವುಗಳ ಕಾಯಕ. ಪ್ರಾಣವುಳಿಸಲು ಬಂದ ಹೃದಯವೂ ಅವಕ್ಕೆ ಪರಕೀಯವೇ. ಬಂಧುವಾರು, ಕಳ್ಳನಾರು ಎಂಬ ವಿವೇಕ, ಪಾಪ, ಅವಕ್ಕೆಲ್ಲಿಯದು! ಅವುಗಳನ್ನು ಅಡಗಿಸಲು ಕೊಟ್ಟ ಔಷಧಗಳು ಇಡೀ ಕಾವಲನ್ನೇ ಸಡಿಲಿಸಿದವು. ರೋಗಾಣುಗಳು ಶ್ವಾಸಕೋಶವನ್ನು ಹೊಕ್ಕವು.

1980ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೊಸ್ಪೊರಿನ್, ಮಣ್ಣಿನ ಶಿಲೀಂಧ್ರವೊಂದರಿಂದ ದೊರೆತದ್ದು, ಮುಖ್ಯವಾಗಿ ಟಿ ಕಣಗಳನ್ನೇ ತಡೆಯಿತು. ವರ್ಷಗಟ್ಟಲೆ ಬದುಕುವವರು ಹೆಚ್ಚಿದರು. ಆದರೂ ಇಂಥ ಔಷಧವನ್ನು ಅವರು ಬಾಳುದ್ದಕ್ಕೂ ಸೇವಿಸಬೇಕು.