ಎಷ್ಟು ದೂರ, ಎಷ್ಟು ಹೊತ್ತು?

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಆಕಾಶಮಾರ್ಗವಾಗಿ ಸುಮಾರು 14,000 ಕಿಲೋಮೀಟರು. ನಡುವೆ ಎಲ್ಲೂ ಇಳಿಯದ ವಿಮಾನವಾದರೆ ಹೆಚ್ಚುಕಡಿಮೆ 17 ಗಂಟೆಯ ಪ್ರಯಾಣ. ಈ ಎರಡು ಸಂಖ್ಯೆಗಳು ನನಗೆ ಮಗ್ಗಿಯಷ್ಟೇ ಬಾಯಿಪಾಠ. ನನ್ನ ಅಕ್ಕ ಇರುವುದು ಆ ಊರಿನಲ್ಲಿ. ನಮ್ಮ ಮನೆ ಶಿರಸಿಯಲ್ಲಿ.

ಗೋಡೆಯ ಭೂಪಟದಲ್ಲಿ ಆ ಊರು ಎಡತುದಿಗೆ, ನಮ್ಮದು ಬಲಕ್ಕೆ. ನಡುವೆ ಗೆರೆ ಎಳೆದರೆ ಅದು ಅಟ್ಲಾಂಟಿಕ್ ಸಾಗರ ದಾಟಿ ಆಫ್ರಿಕದ ಮೇಲೆ ಬರುತ್ತದೆ. ಭೂಪಟ ಹೇಳುವ ಸುಳ್ಳುಗಳಲ್ಲಿ ಇದೂ ಒಂದು. ನಮ್ಮ ಭೂಗೋಳ ವಿಭಾಗದ ಗ್ಲೋಬಿನ ಮೇಲೆ ಒಂದು ದಾರವನ್ನು ಬಿಗಿಹಿಡಿದು ನೋಡಿ! ಅದು ಬೆಂಗಳೂರಿನಿಂದ ನೆಟ್ಟಗೆ ಉತ್ತರಕ್ಕೆ ಏರಿ, ಟಿಬೆಟ್, ಮಂಗೋಲಿಯ, ಸೈಬೀರಿಯಗಳ ಮೇಲೆ ಹಾದು, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಹಾಗೆಂದು ವಿಮಾನಗಳು ದಾರ ಹಿಡಿದು ಹಾರುವುದಿಲ್ಲ. ಎತ್ತರದ ಗಾಳಿ ಬೆನ್ನಿಗಿದ್ದರೆ ಬಳಸುದಾರಿಯೇ ಬೇಗ ಮುಟ್ಟಿಸುತ್ತದೆ.

2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಪೈಲಟ್‌ಗಳೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. 9ಕ್ಕೆ ಹೊರಟದ್ದು 11ಕ್ಕೆ ಬಂತೆಂದು ನಮ್ಮ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದು ಎಂದು ವಿವರಿಸಿದೆ. ಅವಳಿಗೆ ಅದು ಹಿಡಿಸಲಿಲ್ಲ. "ಒಂದು ದಿನ ಎಲ್ಲಿ ಹೋಯಿತು?" ಎಂದೇ ಕೇಳುತ್ತಿದ್ದಳು.

2023ರ ಜನವರಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಅಕ್ಕನಿಗೆ ಸುದ್ದಿ ಹೋಯಿತು. ನೇರ ವಿಮಾನ ದಿನವೂ ಇರಲಿಲ್ಲವಾಗಿ ಅವಳು ಸಿಂಗಪುರದ ಮೇಲೆ ಹೊರಟಳು. ಅಲ್ಲಿ ಕಾದ ಹೊತ್ತೂ ಸೇರಿ ಬೆಂಗಳೂರಿಗೆ ಇಪ್ಪತ್ತಾರು ಗಂಟೆಯಾಯಿತು.

ಲೆಕ್ಕ ಬಲ್ಲವನೆಂದು ಅಜ್ಜಿಯ ಪಕ್ಕದಲ್ಲಿ ನನ್ನನ್ನೇ ಕೂರಿಸಿದ್ದರು. ಎಚ್ಚರವಾದಾಗಲೆಲ್ಲ "ಎಲ್ಲಿಗೆ ಬಂತೋ, ತಮಾ?" ಎನ್ನುವಳು. ಜಪಾನಿನ ಹತ್ತಿರ ಎಂದೆ. ಸಿಂಗಪುರ ಎಂದೆ. ಬೆಂಗಳೂರು ಎಂದಾಗ ಅವಳ ಮುಖ ಅರಳಿತು; ಬೆಂಗಳೂರೆಂದರೆ ಅವಳ ಪಾಲಿಗೆ ಅಂಗಳವೇ.

ಆದರೆ ದೇವನಹಳ್ಳಿಯಿಂದ ಶಿರಸಿಗೆ 400 ಕಿಲೋಮೀಟರಿಗೂ ಮಿಕ್ಕು ರಸ್ತೆಯಿದೆ. ಆಕಾಶದ ದಾರಿಯ ಮೂವತ್ತೈದರಲ್ಲಿ ಒಂದು ಪಾಲಷ್ಟೆ. ಅದಕ್ಕೆ ಒಂಬತ್ತು ತಾಸು ಬೇಕು. ತುಮಕೂರು, ಚಿತ್ರದುರ್ಗ, ದಾವಣಗೆರೆ ಎಂದು ನಾನು ಹೇಳುತ್ತಲೇ ಇದ್ದೆ. ಹಾವೇರಿ ಎಂದಾಗ ಅಜ್ಜಿ ತಿರುಗಿ ಕೇಳಲಿಲ್ಲ.

ಅಕ್ಕ ಬಂದು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನೆರೆದವರಲ್ಲಿ ಯಾರೋ, ಮಾತಿಗೆಂಬಂತೆ, "ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತಾಯಿತು, ತಂಗೀ?" ಎಂದರು.

"ಹಾವೇರಿಯಿಂದ ಎರಡು ತಾಸು" ಎಂದಳು ಅಕ್ಕ. ಚಪ್ಪಲಿ ಬಿಟ್ಟು ಒಳಗೆ ಹೋದಳು.